ಊರ ಗಡಿಯೇ ಶಾಲೆಯ ಗಡಿ: ಹಾರ್ಟ್‌ಫರ್ಡ್‌ನ ಶೆಫ್ ಮೊಕದ್ದಮೆಯ ಹಿನ್ನೆಲೆ

ಬಿಳಿಯರಿಗೂ ಕಪ್ಪುಜನರಿಗೂ ಬೇರೆಬೇರೆ ಶಾಲೆಗಳಿರುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರ ಬ್ರೌನ್ ಪ್ರಕರಣದಲ್ಲಿ ಸಾರಿದ್ದು ಪ್ರಸಿದ್ಧ ಸಂಗತಿ. ಇಪ್ಪತ್ತು ವರ್ಷಗಳ ಬಳಿಕ, ಡೆಟ್ರಾಯಿಟ್‌ನ ಮಿಲಿಕನ್ ಪ್ರಕರಣದಲ್ಲಿ, ನಗರದ ಶಾಲೆಗಳಲ್ಲಿನ ಪ್ರತ್ಯೇಕತೆಗೆ ಉಪನಗರಗಳೂ ಹೊಣೆಯೆಂದು ಸಾಬೀತಾಗದೆ ಅವುಗಳನ್ನು ಮಕ್ಕಳನ್ನು ಬೆರೆಸುವ ಪರಿಹಾರಕ್ರಮದ ವ್ಯಾಪ್ತಿಗೆ ತರುವಂತಿಲ್ಲವೆಂದು ಅದೇ ಕೋರ್ಟ್ 5–4ರ ಬಹುಮತದಿಂದ ತೀರ್ಪಿತ್ತದ್ದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬಿಳಿಯ ಕುಟುಂಬಗಳು ಉಪನಗರಗಳಿಗೆ ಹೊರಟುಹೋದ ಮೇಲೆ ನಗರದೊಳಗೆ ಯಾರನ್ನು ಯಾರ ಪಕ್ಕದಲ್ಲಿ ಕೂರಿಸುವುದು? ಹೀಗಾಗಿ ಹೋರಾಟ ರಾಜ್ಯಗಳ ಸಂವಿಧಾನಗಳತ್ತ ತಿರುಗಿತು.

ಕನೆಕ್ಟಿಕಟ್‌ನ 1965ರ ಸಂವಿಧಾನ ಜನಾಂಗದ ಆಧಾರದ ಪ್ರತ್ಯೇಕತೆಯನ್ನು ಹೆಸರಿಸಿಯೇ ನಿಷೇಧಿಸಿದೆ. ಅದನ್ನು ಹಿಡಿದುಕೊಂಡು 1989ರಲ್ಲಿ ಹಾರ್ಟ್‌ಫರ್ಡ್ ನಗರ ಮತ್ತು ಅದರ ಆಸುಪಾಸಿನ ಕುಟುಂಬಗಳು ರಾಜ್ಯದ ವಿರುದ್ಧ ದಾವೆ ಹೂಡಿದವು. ಮೊದಲ ಅರ್ಜಿದಾರ ಮೈಲೋ ಶೆಫ್ ಆಗ ನಾಲ್ಕನೆಯ ತರಗತಿಯ ಹುಡುಗ. ನಗರದ ಶಾಲೆಗಳಲ್ಲಿ ಶೇ 90ಕ್ಕೂ ಹೆಚ್ಚು ಮಕ್ಕಳು ಅಲ್ಪಸಂಖ್ಯಾತ ಸಮುದಾಯಗಳವರಾಗಿದ್ದರೆ, ಸುತ್ತಲಿನ ಹಲವು ಊರುಗಳ ಶಾಲೆಗಳಲ್ಲಿ ಬಹುತೇಕ ಬಿಳಿಯರೇ ಇದ್ದರು. ಇದು ಜನರ ವಾಸದ ಆಯ್ಕೆಯ ಫಲ, ತಾನೇನೂ ಬೇರ್ಪಡಿಸಿಲ್ಲ ಎಂಬುದು ರಾಜ್ಯದ ವಾದ. ಕೆಳ ನ್ಯಾಯಾಲಯ ಅದನ್ನೇ ಒಪ್ಪಿತು. 1996ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4–3ರಿಂದ ಅದನ್ನು ತಳ್ಳಿಹಾಕಿತು. ಊರಿನ ಗಡಿಯೇ ಶಾಲಾ ಜಿಲ್ಲೆಯ (ಶಾಲೆಗಳನ್ನು ನಡೆಸುವ ಆಡಳಿತ ಘಟಕದ) ಗಡಿಯೆಂದು ನಿಗದಿಪಡಿಸಿದ್ದು 1909ರ ಕಾನೂನು, ಮಗು ಆ ಗಡಿಯೊಳಗೇ ಓದಬೇಕೆನ್ನುವುದೂ ಕಾನೂನೇ. ಆದ್ದರಿಂದ ದುರುದ್ದೇಶ ಇರಲಿ, ಬಿಡಲಿ, ಹೊಣೆ ರಾಜ್ಯದ್ದೇ ಎಂದು ಮುಖ್ಯ ನ್ಯಾಯಮೂರ್ತಿ ಎಲೆನ್ ಪೀಟರ್ಸ್ ಬರೆದರು.

ವಿಚಿತ್ರವೆಂದರೆ, ಗಡಿಯ ಮೇಲೆಯೇ ನಿಂತ ಈ ತೀರ್ಪು ಪರಿಹಾರವನ್ನು ಶಾಸನಸಭೆಗೆ ಬಿಟ್ಟಿತು, ಸಭೆ ಗಡಿಯನ್ನು ಮುಟ್ಟಲೇ ಇಲ್ಲ. ಎಲ್ಲವೂ ಪೋಷಕರ ಇಚ್ಛೆಗೆ ಬಿಟ್ಟದ್ದು: ವಿಶೇಷ ಪಠ್ಯಕ್ರಮದಿಂದ ಎರಡೂ ಕಡೆಯ ಮಕ್ಕಳನ್ನು ಸೆಳೆಯುವ ಮ್ಯಾಗ್ನೆಟ್ ಶಾಲೆಗಳು, ಮತ್ತು ನಗರದ ಮಕ್ಕಳನ್ನು ಬಸ್ಸಿನಲ್ಲಿ ಉಪನಗರಕ್ಕೆ ಕಳಿಸುವ, 1966ರಿಂದಲೇ ನಡೆದುಬಂದಿದ್ದ ಯೋಜನೆಯ ವಿಸ್ತರಣೆ. ಕಾಲಮಿತಿಯೊಂದಿಗೆ ಗುರಿ ಗೊತ್ತಾದದ್ದು 2003ರ ರಾಜಿಯಲ್ಲಿ. ನಾಲ್ಕು ವರ್ಷಗಳಲ್ಲಿ ನಗರದ ಶೇ 30ರಷ್ಟು ಅಲ್ಪಸಂಖ್ಯಾತ ಮಕ್ಕಳು ಬೆರೆತ ತರಗತಿಗಳಲ್ಲಿ ಓದಬೇಕೆಂದು.

ಮ್ಯಾಗ್ನೆಟ್ ಶಾಲೆಗೆ ಪ್ರವೇಶ ಲಾಟರಿಯ ಮೂಲಕ. ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಶೇ 75 ಮೀರಬಾರದೆಂಬ ನಿಯಮದಿಂದಾಗಿ, ಬಿಳಿಯ ಮತ್ತು ಏಷ್ಯನ್ ಮಕ್ಕಳ ಅರ್ಜಿ ಸಾಲದ ಕಡೆ ಸೀಟುಗಳು ಖಾಲಿ ಉಳಿದವು. ಅದೇ ವೇಳೆ ನಗರದ ಮಕ್ಕಳು ಕಾಯುವ ಪಟ್ಟಿಯಲ್ಲಿದ್ದರು. 2018ರಲ್ಲಿ ಕಪ್ಪು ಮತ್ತು ಲ್ಯಾಟಿನೊ ಪೋಷಕರೇ ಇದನ್ನು ಪ್ರಶ್ನಿಸಿದಾಗ ಯಾರಿಗೂ ಅಚ್ಚರಿಯಾಗಬೇಕಿರಲಿಲ್ಲ. ಆಮೇಲೆ ಲಾಟರಿ ಕುಟುಂಬಗಳ ಆರ್ಥಿಕ, ಸಾಮಾಜಿಕ ಸ್ಥಿತಿಯನ್ನು ಆಧಾರವಾಗಿಸಿಕೊಂಡಿತು. 2022ರ ಒಪ್ಪಂದದಲ್ಲಿ, ಬಯಸುವ ಹಾರ್ಟ್‌ಫರ್ಡ್‌ನ ಮಕ್ಕಳಿಗೆಲ್ಲ ಇಂಥ ಸೀಟು ಸಿಗುವಷ್ಟು ಅವಕಾಶ ಹೆಚ್ಚಿಸಲು ರಾಜ್ಯ ಒಪ್ಪಿತು. ಗಡಿಗಳು ಮಾತ್ರ ಇದ್ದಲ್ಲೇ ಉಳಿದವು.