ಬಾಯ್ಲರ್ ಪ್ರೆಶರ್ ಪದೇ ಪದೇ ಇಳಿದರೆ ನೀರು ತುಂಬಿಸುತ್ತಲೇ ಇರಬಹುದೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡಿದ್ದೇವೆ. ಅದರ ಜೊತೆಗೆ ಬಂದ ಕಾಂಬಿ ಬಾಯ್ಲರಿಗೆ (ಹೀಟಿಂಗಿಗೂ ನಲ್ಲಿಯ ಬಿಸಿನೀರಿಗೂ ಒಂದೇ ಬಾಯ್ಲರ್) 14 ವರ್ಷ. ಮೂರ್ನಾಲ್ಕು ದಿನಕ್ಕೊಮ್ಮೆ ಪ್ರೆಶರ್ ಮುಳ್ಳು 0.5 ಬಾರ್‌ಗಿಂತ (ಬಾರ್ ಎಂದರೆ ಒತ್ತಡದ ಅಳತೆ) ಕೆಳಗಿಳಿದು ಹೀಟಿಂಗ್ ನಿಂತುಬಿಡುತ್ತದೆ. ನೀರು ತುಂಬಿಸಿದರೆ ಸರಿಹೋಗುತ್ತದೆ. ಹೀಗೇ ನಡೆಸಬಹುದೇ? ಮನೆಯಲ್ಲಿ ಎಲ್ಲೂ ನೀರು ಸೋರುತ್ತಿಲ್ಲ.

ಉತ್ತರ: ನಡೆಸಬೇಡಿ. ಕೋಣೆ ಬಿಸಿಮಾಡುವ ರೇಡಿಯೇಟರುಗಳಲ್ಲಿ ಸುತ್ತುವುದು ವರ್ಷಗಟ್ಟಲೆ ಅದೇ ನೀರು. ಪ್ರತಿ ಸಲ ತುಂಬಿಸಿದಾಗಲೂ ಹೊಸ ನೀರಿನ ಜೊತೆ ಆಮ್ಲಜನಕ ಒಳಗೆ ಹೋಗಿ ಉಕ್ಕಿನ ರೇಡಿಯೇಟರನ್ನು ತುಕ್ಕು ಹಿಡಿಸುತ್ತದೆ, ತುಕ್ಕು ತಡೆಯಲು ಹಾಕಿದ ಇನ್ಹಿಬಿಟರ್ ತೆಳುವಾಗುತ್ತದೆ. ಆ ತುಕ್ಕಿನ ಕಪ್ಪು ಕೆಸರು ಪಂಪು ಮತ್ತು ಉರಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನಲ್ಲಿ ಕೂರುತ್ತದೆ. ಲಂಡನ್ನಿನಂಥ ಗಡಸು ನೀರಿನ ಕಡೆ ಸುಣ್ಣವೂ ಸೇರಿಕೊಳ್ಳುತ್ತದೆ.

ನೀರು ಎಲ್ಲಿಂದ ಹೋಗುತ್ತಿದೆ ಎಂಬುದನ್ನು ಮುಳ್ಳೇ ಮುಕ್ಕಾಲು ಪಾಲು ಹೇಳುತ್ತದೆ. ತಣ್ಣಗಿರುವಾಗ 1.2ಕ್ಕೆ ತುಂಬಿಸಿ, ಹೀಟಿಂಗ್ ಹಾಕಿ ಒಂದು ಗಂಟೆ ಬಿಟ್ಟು ನೋಡಿ. ಆರೋಗ್ಯವಾಗಿರುವ ಬಾಯ್ಲರ್ 2 ಬಾರ್ ಒಳಗೇ ಇರುತ್ತದೆ. ಮುಳ್ಳು 3ರ ಹತ್ತಿರ ಹೋಗಿ, ಆರಿದ ಮೇಲೆ 1ಕ್ಕಿಂತ ಕೆಳಗೆ ಬಿದ್ದರೆ ತೊಂದರೆ ಹೆಚ್ಚಾಗಿ ಎಕ್ಸ್‌ಪ್ಯಾನ್ಶನ್ ವೆಸಲ್‌ನದು. ಹಳೆಯ ಕಾಂಬಿಗಳಲ್ಲಿ ನಾವು ಮೊದಲು ಅನುಮಾನಿಸುವುದು ಇದನ್ನೇ.

10 ಡಿಗ್ರಿಯ ನೀರು 70ಕ್ಕೆ ಕಾದಾಗ ಸುಮಾರು ಶೇ 2ರಷ್ಟು ಹಿಗ್ಗುತ್ತದೆ. 100 ಲೀಟರಿಗೆ ಎರಡು ಲೀಟರ್ ಹೆಚ್ಚು. ಆ ಹೆಚ್ಚುವರಿಗೆ ಜಾಗ ಕೊಡುವುದು ಬಾಯ್ಲರ್ ಒಳಗಿನ ಈ ವೆಸಲ್ ಎಂಬ ಡಬ್ಬಿ. ನಡುವೆ ರಬ್ಬರ್ ಪರದೆ, ಒಂದು ಕಡೆ ನೀರು, ಇನ್ನೊಂದು ಕಡೆ 0.75ರಿಂದ 1 ಬಾರ್ ಗಾಳಿ. ಸೈಕಲ್ ಟ್ಯೂಬಿನಂತೆ ಈ ಗಾಳಿಯೂ ವರ್ಷಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ಆಮೇಲೆ ಹಿಗ್ಗಿದ ನೀರಿಗೆ ಜಾಗವಿಲ್ಲ. 3 ಬಾರ್ ಆದಾಗ ಸೇಫ್ಟಿ ವಾಲ್ವ್ ತೆರೆದು ಅದನ್ನು ಗೋಡೆಯಾಚೆ ಸುರಿಯುತ್ತದೆ. ಮನೆಯೊಳಗೆ ಒಂದು ಹನಿಯೂ ಕಾಣದಿರುವುದು ಅದಕ್ಕೇ.

ಬಾಯ್ಲರಿನ ಹಿಂದಿನ ಹೊರಗೋಡೆಯಲ್ಲಿ ಬೆರಳು ದಪ್ಪದ ತಾಮ್ರದ ಪೈಪೊಂದು ಗೋಡೆಯ ಕಡೆಗೇ ಬಾಗಿರುತ್ತದೆ. ರಾತ್ರಿ ಅದರ ಬಾಯಿಗೆ ಒಣ ಪ್ಲಾಸ್ಟಿಕ್ ಕವರನ್ನು ರಬ್ಬರ್ ಬ್ಯಾಂಡಿನಿಂದ ಸಡಿಲವಾಗಿ ಕಟ್ಟಿ. ಹೀಟಿಂಗ್ ಎಂದಿನಂತೆ ನಡೆದ ಮೇಲೆ ಕವರಿನಲ್ಲಿ ನೀರಿದ್ದರೆ ಅನುಮಾನ ನಿಜ. ಪಕ್ಕದ ಪ್ಲಾಸ್ಟಿಕ್ ಪೈಪನ್ನು ಇದೆಂದುಕೊಳ್ಳಬೇಡಿ. ಅದು ಹೊಗೆಯಲ್ಲಿನ ಆವಿ ತಣಿದು ಆದ ನೀರನ್ನು ಹೊರಬಿಡುವ ಕಂಡೆನ್ಸೇಟ್ ಪೈಪು, ಬಾಯ್ಲರ್ ಉರಿಯುವಾಗ ಅದರಿಂದ ನೀರು ಬರಲೇಬೇಕು.

ದುರಸ್ತಿ ದೊಡ್ಡದಲ್ಲ. ಬಾಯ್ಲರ್ ತಣ್ಣಗಾದ ಮೇಲೆ ನೀರಿನ ಪ್ರೆಶರನ್ನು ಸೊನ್ನೆಗಿಳಿಸಿ, ಡ್ರೇನ್ ತೆರೆದಿಟ್ಟುಕೊಂಡೇ, ವೆಸಲ್‌ನ ವಾಲ್ವಿಗೆ ಮ್ಯಾನ್ಯುಯಲ್ ಹೇಳಿದಷ್ಟು ಗಾಳಿ ಹೊಡೆಯಬೇಕು. ಸೊನ್ನೆಗಿಳಿಸದೆ ಹೊಡೆದರೆ ಗೇಜ್ ಸುಳ್ಳು ಹೇಳುತ್ತದೆ. ವಾಲ್ವ್ ಪಿನ್ ಒತ್ತಿದಾಗ ನೀರು ಚಿಮ್ಮಿದರೆ ಪರದೆ ಹರಿದಿದೆ, ವೆಸಲ್ಲೇ ಬದಲಾಗಬೇಕು. ಬಾಯ್ಲರ್ ಬಿಚ್ಚದೆ ಅದು ಕೈಗೆ ಸಿಗದಿದ್ದರೆ ನೀರು ಬಾಯ್ಲರಿಗೆ ಮರಳುವ ರಿಟರ್ನ್ ಪೈಪಿಗೆ ಹೊರಗಿನಿಂದ ಇನ್ನೊಂದು ಕೂರಿಸಬಹುದು. ಹಳೆಯ ಬಾಯ್ಲರಿಗೆ ಇದೇ ಲೇಸು. ಸೇಫ್ಟಿ ವಾಲ್ವನ್ನೂ ಆಗಲೇ ಬದಲಿಸಿ. ಒಮ್ಮೆ ತೆರೆದದ್ದರ ಸೀಟಿನಲ್ಲಿ ಕಸ ಸಿಕ್ಕಿಕೊಂಡು ಆಮೇಲೆ ಸಣ್ಣಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಬಾಯ್ಲರಿನ ಮುಚ್ಚಳ ತೆಗೆಯುವ ಕೆಲಸವನ್ನು ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರಿಗೇ ಬಿಡಿ, ಅವರ ಕಾರ್ಡಿನ ಹಿಂಬದಿಯಲ್ಲಿ ಬಾಯ್ಲರ್ ಕೆಲಸ ನಮೂದಾಗಿದೆಯೇ ನೋಡಿ.

ಕವರ್ ಒಣಗಿಯೇ ಇದೆ, ಬಿಸಿಯಾದಾಗ ಮುಳ್ಳೂ ಹೆಚ್ಚು ಏರುವುದಿಲ್ಲ ಎಂದಾದರೆ ಸೋರಿಕೆ ಬೇರೆ ಕಡೆ. ರಾತ್ರಿ ಬಾಯ್ಲರ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಅದರ ಕೆಳಗಿನ ಫ್ಲೋ (ಬಿಸಿನೀರು ಹೊರಡುವ ಪೈಪಿನ) ಮತ್ತು ರಿಟರ್ನ್ ವಾಲ್ವ್ ಎರಡನ್ನೂ ಮುಚ್ಚಿ. ಸ್ಕ್ರೂ ಗೀರು ಪೈಪಿಗೆ ಅಡ್ಡವಾದರೆ ಮುಚ್ಚಿದೆ ಎಂದರ್ಥ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಸೋರಿಕೆ ಬಾಯ್ಲರಿನೊಳಗೆ. ಹಾಗೇ ಇದ್ದು, ವಾಲ್ವ್ ತೆರೆದಾಗ ಕುಸಿದರೆ ಪೈಪಿನಲ್ಲೋ ರೇಡಿಯೇಟರಿನಲ್ಲೋ. ಮುಚ್ಚಿದ ವಾಲ್ವ್ ತೆರೆಯದೆ ಬಾಯ್ಲರ್ ಹಾಕಲೇಬೇಡಿ. ರೇಡಿಯೇಟರ್ ವಾಲ್ವಿನ ಕಡ್ಡಿಯ ಬುಡಕ್ಕೆ ಟಿಶ್ಯೂ ಸುತ್ತಿ ನೋಡಿ: ಅದು ಒದ್ದೆಯಾದರೆ, ಇಲ್ಲವೇ ಅಲ್ಲಿ ಹಸಿರು ಅಥವಾ ಬಿಳಿ ಪೊರೆ ಕಟ್ಟಿದ್ದರೆ ಅಲ್ಲಿ ಜಿನುಗುತ್ತಿದೆ, ಬಿಸಿಗೆ ಆರಿಹೋಗುವುದರಿಂದ ನೆಲ ಒದ್ದೆಯಾಗುವುದಿಲ್ಲ. ಆ ಕಡ್ಡಿಯ ಸುತ್ತಲಿನ ಗ್ಲ್ಯಾಂಡ್ ನಟ್ಟನ್ನು ಒಂದಿಷ್ಟೇ ತಿರುಗಿಸಿದರೆ ಸಾಕಾಗಬಹುದು.

ಬಾಯ್ಲರಿಗೆ ನಲ್ಲಿ ನೀರು ತುಂಬಿಸುವ ಫಿಲ್ಲಿಂಗ್ ಲೂಪ್ ಎಂಬ ಪೈಪಿನ ವಾಲ್ವ್ ಸ್ವಲ್ಪ ತೆರೆದುಳಿದರೂ ಪ್ರೆಶರ್ ತಾನಾಗೇ ಏರಿ ಸೇಫ್ಟಿ ವಾಲ್ವ್ ತೆರೆಯುತ್ತದೆ. ಎರಡು ಕಡೆಯೂ ಮುಚ್ಚಿದೆಯೇ ನೋಡಿ.

ಹೊಸ ಬಾಯ್ಲರ್ ಮಾತು ಬರುವುದು ಇವೆಲ್ಲ ಸರಿಯಿದ್ದಾಗ: ಬಾಯ್ಲರ್ ಆರಿ ತಣ್ಣಗಾಗಿದ್ದರೂ ಕಂಡೆನ್ಸೇಟ್ ಪೈಪಿನಿಂದ ನೀರು ತೊಟ್ಟಿಕ್ಕುತ್ತಲೇ ಇದ್ದರೆ ಮುಖ್ಯ ಹೀಟ್ ಎಕ್ಸ್‌ಚೇಂಜರ್ ಒಡೆದಿರಬಹುದು. 14 ವರ್ಷದ ಬಾಯ್ಲರಿಗೆ ಅದನ್ನು ಬದಲಿಸಲು ದುಡ್ಡು ಹಾಕುವುದು ನಮ್ಮ ಪ್ರಕಾರ ದಂಡ. ವೆಸಲ್, ಸೇಫ್ಟಿ ವಾಲ್ವ್ ಮಟ್ಟದ ದೋಷವಾದರೆ ರಿಪೇರಿ ಮಾಡಿಸಿ, ಹೊಸದಾಗಿ ಇನ್ಹಿಬಿಟರ್ ಹಾಕಿಸಿ, ತುಕ್ಕಿನ ಕಣ ಹಿಡಿಯುವ ಮ್ಯಾಗ್ನೆಟಿಕ್ ಫಿಲ್ಟರ್ ಇಲ್ಲದಿದ್ದರೆ ಅದನ್ನೂ ಕೂರಿಸಿಕೊಳ್ಳಿ.