ಟರ್ಬೈನ್ ಬಳಿ ಪೋರ್ಪಾಯಿಸ್ ಎಲ್ಲಿತ್ತು? ಹೈಡ್ರೋಫೋನ್ ಲೆಕ್ಕದ ಟಿಪ್ಪಣಿ

ನೀರೊಳಗೆ ನಿಂತು ಉಬ್ಬರವಿಳಿತದ ಹರಿವಿನಿಂದ ವಿದ್ಯುತ್ ತೆಗೆಯುವ ಟರ್ಬೈನ್ ಹೇಗೆ ತಿರುಗುತ್ತದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಗೋವಾದ ವಾಸ್ಕೋದ ನಮ್ಮ ಓದಿನ ಗುಂಪಿನಲ್ಲಿ ಅದು ಯಾರಿಗೂ ಕಷ್ಟವಾಗಿಲ್ಲ. ಎಲ್ಲರೂ ತಡವರಿಸುವುದು ಮುಂದಿನ ಪ್ರಶ್ನೆಯಲ್ಲಿ: ಕಣ್ಣಿಗೆ ಕಾಣದ ಪೋರ್ಪಾಯಿಸ್ (ಡಾಲ್ಫಿನ್ ಸಂಬಂಧಿ ಪುಟ್ಟ ಕಡಲ ಸಸ್ತನಿ) ಟರ್ಬೈನಿನ ಅಲಗಿನಿಂದ ಎಷ್ಟು ದೂರದಲ್ಲಿ ಹಾದುಹೋಯಿತು?

ಸ್ಕಾಟ್‌ಲೆಂಡಿನ ಪೆಂಟ್‌ಲೆಂಡ್ ಫರ್ತ್ ಜಲಸಂಧಿಯ ಮೇಜೆನ್ ಯೋಜನೆಯಲ್ಲಿ ಟರ್ಬೈನುಗಳು ತಲಾ 1.5 ಮೆಗಾವಾಟ್, ರೋಟರ್ ವ್ಯಾಸ 18 ಮೀಟರ್. ಅಲ್ಲಿ ಒಂದು ಟರ್ಬೈನಿನ ಬುಡಕ್ಕೇ 12 ಹೈಡ್ರೋಫೋನುಗಳನ್ನು (ನೀರೊಳಗಿನ ಮೈಕು ಎನ್ನಿ) ನಾಲ್ಕು ನಾಲ್ಕರ ಮೂರು ಗುಚ್ಛಗಳಾಗಿ ಕೂರಿಸಿ, ಪೋರ್ಪಾಯಿಸ್‌ಗಳ ಕ್ಲಿಕ್ ಸದ್ದನ್ನು ಆಲಿಸಿದರು. ಈ ಸದ್ದು ಸುಮಾರು 130 ಕಿಲೋಹರ್ಟ್ಸ್. ನಮ್ಮ ಕಿವಿ 20ಕ್ಕೇ ಕೈಚೆಲ್ಲುತ್ತದೆ.

ನಾಲ್ಕೇ ಏಕೆ? ಮಿಂಚು ಕಂಡ ಎಷ್ಟು ಹೊತ್ತಿಗೆ ಗುಡುಗು ಕೇಳಿತು ಎಂದು ಎಣಿಸಿ ದೂರ ಹೇಳುತ್ತೇವಲ್ಲ, ಇಲ್ಲಿ ಆ ಮಿಂಚೇ ಇಲ್ಲ. ಕ್ಲಿಕ್ ಹೊರಟ ಗಳಿಗೆ ಗೊತ್ತಿಲ್ಲ, ತಲುಪಿದ ಗಳಿಗೆ ಮಾತ್ರ ಗೊತ್ತು. ಆದ್ದರಿಂದ ಒಂದು ಹೈಡ್ರೋಫೋನ್ ದೂರದ ವಿಷಯದಲ್ಲಿ ಮೂಗ. ಎರಡಿದ್ದರೆ ಯಾವುದಕ್ಕೆ ಎಷ್ಟು ಮೊದಲು ಕೇಳಿತು ಎಂಬ ವ್ಯತ್ಯಾಸ ಸಿಗುತ್ತದೆ. ಸಮುದ್ರದಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಅಂದರೆ 1 ಮಿಲಿಸೆಕೆಂಡಿಗೆ 1.5 ಮೀಟರ್. ವ್ಯತ್ಯಾಸ 4 ಮಿಲಿಸೆಕೆಂಡ್ ಇದ್ದರೆ ಪ್ರಾಣಿ ಒಂದಕ್ಕಿಂತ ಇನ್ನೊಂದಕ್ಕೆ 6 ಮೀಟರ್ ಹತ್ತಿರ. ಇಲ್ಲಿ ನಿಲ್ಲಿ! ಈ 6 ಮೀಟರ್ ಪ್ರಾಣಿ ಇರುವ ದೂರವಲ್ಲ, ಎರಡು ದೂರಗಳ ನಡುವಿನ ಅಂತರ. ಆ ಅಂತರ ಸರಿಹೊಂದುವ ಜಾಗಗಳು ಲೆಕ್ಕವಿಲ್ಲದಷ್ಟಿವೆ. ಎಲ್ಲವನ್ನೂ ಸೇರಿಸಿದರೆ ಬಾಗಿದ ಒಂದು ಮೇಲ್ಮೈ. ಮೂರನೆಯದು ಸೇರಿದರೆ ಎರಡು ಮೇಲ್ಮೈಗಳು ಛೇದಿಸಿ ಗೆರೆಯಾಗುತ್ತವೆ, ನಾಲ್ಕನೆಯದು ಸೇರಿದರೆ ಗೆರೆ ಬಹುಮಟ್ಟಿಗೆ ಬಿಂದುವಿಗೆ ಇಳಿಯುತ್ತದೆ. ನಾಲ್ಕೂ ಒಂದೇ ಸಮತಲದಲ್ಲಿದ್ದರೆ ಕೆಲಸ ಕೆಟ್ಟಿತು: ಪ್ರಾಣಿ ಮೇಲಿದೆಯೋ ಕೆಳಗಿದೆಯೋ ಹೇಳಲಾಗದು. ಪುಟ್ಟ ಗುಚ್ಛವೊಂದು ದಿಕ್ಕನ್ನಷ್ಟೇ ಚೆನ್ನಾಗಿ ಹೇಳುತ್ತದೆ. ಬೇರೆ ಬೇರೆ ಗುಚ್ಛಗಳ ದಿಕ್ಕುಗಳು ಕೂಡುವಲ್ಲಿ ಪೋರ್ಪಾಯಿಸ್ ಇರುತ್ತದೆ.

ಸೀಲ್‌ಗಳು ಹೀಗೆ ಕ್ಲಿಕ್ ಮಾಡುವುದಿಲ್ಲ. ಅವನ್ನು ಪತ್ತೆಹಚ್ಚಲು ನಾವೇ ಸದ್ದು ಕಳಿಸಿ ಪ್ರತಿಧ್ವನಿ ಹಿಡಿಯುವ ಸೋನಾರ್ ಬೇಕು, ಇಲ್ಲವೇ ಮೈಗೆ ಅಂಟಿಸುವ ಟ್ಯಾಗ್.

ಮೇಜೆನ್ ಯೋಜನೆಯ ಆ ಟರ್ಬೈನ್ ತಿರುಗುವಾಗ ಪೋರ್ಪಾಯಿಸ್‌ಗಳು ಸುತ್ತಮುತ್ತ ಕಡಿಮೆ ಸಿಕ್ಕವು. ಆದರೆ ಟರ್ಬೈನ್ ತಿರುಗುವುದೇ ನೀರು ರಭಸದಿಂದ ಹರಿಯುವಾಗ, ಪ್ರಾಣಿಗಳ ಓಡಾಟವೂ ಹರಿವಿನೊಂದಿಗೆ ಬದಲಾಗುತ್ತದೆ. ಹೀಗಾಗಿ ಅಷ್ಟೇ ರಭಸವಿದ್ದೂ ಟರ್ಬೈನ್ ನಿಂತಿದ್ದ ಹೊತ್ತಿನೊಂದಿಗೆ ಹೋಲಿಸಬೇಕು. ನನ್ನ ಮಟ್ಟಿಗೆ ದುಬಾರಿ ಉಪಕರಣಕ್ಕಿಂತ ಈ ಹೋಲಿಕೆಯೇ ಹೆಚ್ಚು ಬೆಲೆಯದು. ಇನ್ನೊಂದು: ಕ್ಲಿಕ್ ಕಿರಿದಾದ ಕಿರಣದಂತೆ ಮುಂದಕ್ಕೆ ಸಾಗುತ್ತದೆ. ಬೆನ್ನು ಹಾಕಿ ಈಜುವ ಪ್ರಾಣಿ ಹತ್ತಿರವಿದ್ದೂ ದಾಖಲೆಗೆ ಬರದಿರಬಹುದು.

ಗೋವಾದಲ್ಲಿ ಇಂಥ ಟರ್ಬೈನಿಗೆ ಬೇಕಾದ ಉಬ್ಬರವಿಲ್ಲ, ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿದೆ. ಆದರೆ ಬೆನ್ನಿನ ಈಜುರೆಕ್ಕೆಯಿಲ್ಲದ ಪೋರ್ಪಾಯಿಸ್ ನಮ್ಮ ಪಶ್ಚಿಮ ಕರಾವಳಿಯಲ್ಲೂ ಉಂಟು, ಅದರ ಕ್ಲಿಕ್ ಕೂಡ ಹೆಚ್ಚುಕಡಿಮೆ ಇದೇ ಕಂಪನಾಂಕದ್ದು. ಪ್ರವಾಸಿಗರು ದೋಣಿಯಲ್ಲಿ ಹೋಗಿ ನೋಡುವ ಗೂನುಬೆನ್ನಿನ ಡಾಲ್ಫಿನ್‌ನ ಕ್ಲಿಕ್ ಮಾತ್ರ ಹಲವು ಕಂಪನಾಂಕಗಳಲ್ಲಿ ಹರಡಿರುತ್ತದೆ. ಅದನ್ನು ಬೇರೆ ಸದ್ದುಗಳಿಂದ ಬಿಡಿಸಿಕೊಳ್ಳುವುದು ಇನ್ನೂ ತ್ರಾಸದ ಕೆಲಸ.