ಹೆರಿಗೆ ನೋವಿಗೆ ಗ್ಯಾಸ್: ಮಾಸ್ಕ್ ತಾಯಿಯ ಕೈಗೆ ಬಂದದ್ದು ಹೇಗೆ?

ಬ್ರಿಟನ್ನಿನಲ್ಲಿ ಹೆತ್ತ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಮಾತಾಡಿಸಿದರೆ 'ಗ್ಯಾಸ್ ಅಂಡ್ ಏರ್' ವಿಷಯ ಬಂದೇ ಬರುತ್ತದೆ. ಅರ್ಧ ನೈಟ್ರಸ್ ಆಕ್ಸೈಡ್ (ನಗಿಸುವ ಅನಿಲ ಅಂತಾರಲ್ಲ, ಅದು), ಅರ್ಧ ಆಕ್ಸಿಜನ್. ನೋವು ಶುರುವಾದ ಕೂಡಲೇ ತಾಯಿಯೇ ಮೌತ್‌ಪೀಸ್ ಹಿಡಿದು ಉಸಿರೆಳೆದುಕೊಳ್ಳುತ್ತಾಳೆ. ಅಲ್ಲಿ ಇದು ಮಾಮೂಲಿ. ಆದರೆ ಅವಳ ಕೈಗೆ ಅದು ಬರಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆ ನೋವು ತಗ್ಗಿಸಲು ಮೊದಲಿಗೆ ಈಥರ್, ಆಮೇಲೆ ಅದೇ ವರ್ಷ ಕ್ಲೋರೋಫಾರ್ಮ್ ಬಳಸಿದರು. ಎರಡೂ ಮೂಸಿದರೆ ಅರಿವು ತಪ್ಪಿಸುವ ಔಷಧಿಗಳು. ಹೆರಿಗೆ ನೋವು ದೇವರು ಕೊಟ್ಟದ್ದು, ತಪ್ಪಿಸಬಾರದು ಅನ್ನುವ ಮಾತೂ ಎದ್ದಿತು. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಗೆ ರಾಜಕುಮಾರ ಲಿಯೋಪೋಲ್ಡ್ ಹುಟ್ಟುವಾಗ ವೈದ್ಯ ಜಾನ್ ಸ್ನೋ ಕರವಸ್ತ್ರದ ಮೇಲೆ ಕ್ಲೋರೋಫಾರ್ಮ್ ಹಾಕಿ, 53 ನಿಮಿಷ ಮೂಸಿಸಿದರು. ಎಚ್ಚರ ತಪ್ಪದ ಹಾಗೆ, ಸ್ವಲ್ಪ ಸ್ವಲ್ಪವೇ. ರಾಣಿಯೇ ತಗೊಂಡ ಮೇಲೆ ಆಡುವವರ ಬಾಯಿ ಕ್ರಮೇಣ ಕಟ್ಟುತ್ತ ಬಂತು. ಆದರೆ ಸ್ನೋ ಅಂಥ ಪಳಗಿದ ಕೈ ಎಲ್ಲರಿಗೂ ಸಿಗಬೇಕಲ್ಲ? ಕ್ಲೋರೋಫಾರ್ಮ್ ಸ್ವಲ್ಪ ಹೆಚ್ಚಾದರೂ ಜೀವಕ್ಕೇ ಕುತ್ತು.

ಬಡವರ ಮನೆಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಮಿಡ್‌ವೈಫ್‌ಗಳು, ಅಂದರೆ ಸೂಲಗಿತ್ತಿಯರು. ಅವರಿಗಾಗಿ ಯೋಚಿಸಿದವರು ಲಿವರ್‌ಪೂಲಿನ ವೈದ್ಯ ರಾಬರ್ಟ್ ಮಿನ್ನಿಟ್. 1933ರಲ್ಲಿ ನೈಟ್ರಸ್ ಆಕ್ಸೈಡನ್ನು ಗಾಳಿಯ ಜೊತೆ ಬೆರೆಸಿ ಕೊಡುವ ಯಂತ್ರ ಮಾಡಿದರು. 1936ರಲ್ಲಿ ತರಬೇತಿ ಪಡೆದ ಮಿಡ್‌ವೈಫ್‌ಗಳು ಅದನ್ನು ಬಳಸಬಹುದೆಂದು ಒಪ್ಪಿಗೆ ಸಿಕ್ಕಿತು. ನನ್ನ ಲೆಕ್ಕದಲ್ಲಿ ರಾಣಿಯ ಹೆರಿಗೆಗಿಂತ ದೊಡ್ಡ ತಿರುವು ಇದೇ. ಒಂದೇ ತೊಂದರೆ: ಅರ್ಧ ಗ್ಯಾಸ್, ಅರ್ಧ ಗಾಳಿ ಅಂದರೆ ಆಕ್ಸಿಜನ್ ಸುಮಾರು ಶೇ. 10 ಮಾತ್ರ, ನಾವು ದಿನಾ ಉಸಿರಾಡುವುದರಲ್ಲಿ ಅರ್ಧ. ತಾಯಿಗೂ ಮಗುವಿಗೂ ಅದು ಸಾಲದು.

1961ರಲ್ಲಿ ಮೈಕೆಲ್ ಟನ್‌ಸ್ಟಾಲ್ ಎಂಬ ವೈದ್ಯರು ಗಾಳಿಯ ಬದಲು ಆಕ್ಸಿಜನ್ ಬೆರೆಸಿ, ಎರಡನ್ನೂ ಒಂದೇ ಸಿಲಿಂಡರಿನಲ್ಲಿ ತುಂಬಿ ತೋರಿಸಿದರು. ಒತ್ತಡಕ್ಕೆ ದ್ರವವಾಗಬೇಕಾದ ನೈಟ್ರಸ್ ಆಕ್ಸೈಡ್, ಆಕ್ಸಿಜನ್ ಜೊತೆಗಿದ್ದರೆ ಅನಿಲವಾಗಿಯೇ ಉಳಿಯುತ್ತದೆ. ಇದೇ ಎಂಟೊನಾಕ್ಸ್, ಇಂದಿನ 'ಗ್ಯಾಸ್ ಅಂಡ್ ಏರ್'. ಚಳಿ ಮಾತ್ರ ಇದಕ್ಕೆ ಆಗದು. ಸುಮಾರು ಮೈನಸ್ 6 ಡಿಗ್ರಿಗಿಂತ ಕೆಳಗಿಳಿದರೆ ಎರಡೂ ಬೇರೆಯಾಗುತ್ತವೆ. ಆಗ ಮೊದಲು ಆಕ್ಸಿಜನ್ ಜಾಸ್ತಿ ಬಂದು, ಕೊನೆಗೆ ಹೆಚ್ಚುಕಡಿಮೆ ಬರೀ ನೈಟ್ರಸ್ ಆಕ್ಸೈಡೇ ಬರುತ್ತದೆ. ಅದಕ್ಕೇ ತಣ್ಣಗಾದ ಚಿಕ್ಕ ಸಿಲಿಂಡರನ್ನು ಬೆಚ್ಚಗಾಗಿಸಿ, ತಲೆಕೆಳಗೆ ಮಾಡಿ ಬೆರೆಸುತ್ತಾರೆ.

ಇದರ ವಾಲ್ವ್ ತಾಯಿ ಉಸಿರೆಳೆದಾಗ ಮಾತ್ರ ತೆರೆಯುತ್ತದೆ. ಮಂಪರು ಬಂದರೆ ಕೈ ಸಡಿಲವಾಗಿ ಮಾಸ್ಕ್ ಜಾರುತ್ತದೆ, ಗ್ಯಾಸ್ ನಿಲ್ಲುತ್ತದೆ. ಹಾಗಾಗಿ ಮಾಸ್ಕನ್ನು ಅವಳೇ ಹಿಡಿಯಬೇಕು. ಪಾಪ ಅಂತ ಗಂಡನೋ ಅಮ್ಮನೋ ಹಿಡಿದು ಒತ್ತಬಾರದು. ಪೂರ್ತಿ ಪರಿಣಾಮಕ್ಕೆ ಸುಮಾರು 50 ಸೆಕೆಂಡ್ ಬೇಕು. ನೋವು ಏರಿದ ಮೇಲೆ ಹಿಡಿದರೆ ತಡವಾಯಿತು ಅಂತಲೇ ಲೆಕ್ಕ. ನೋವು ಪೂರ್ತಿ ಹೋಗುವುದಿಲ್ಲ, ತಾಳಿಕೊಳ್ಳುವಷ್ಟಾಗುತ್ತದೆ. ಕೆಲವರಿಗೆ ತಲೆ ಸುತ್ತುತ್ತದೆ, ವಾಂತಿ ಬಂದ ಹಾಗಾಗುತ್ತದೆ. ಬಿಟ್ಟ ಕೆಲವೇ ನಿಮಿಷಕ್ಕೆ ಇಳಿದುಹೋಗುತ್ತದೆ.

ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲೂ ಎಂಟೊನಾಕ್ಸ್ ಸಿಗುತ್ತದೆ. ಬೆನ್ನಿಗೆ ಚುಚ್ಚಿ ನೋವು ತಗ್ಗಿಸುವ ಎಪಿಡ್ಯೂರಲ್‌ಗೆ ಅರಿವಳಿಕೆ ತಜ್ಞರು ಬೇಕೇ ಬೇಕು. ಇದಕ್ಕೆ ತರಬೇತಿ ಪಡೆದ ನರ್ಸ್ ಸಾಕು. ತಜ್ಞರ ಕೊರತೆಯಿರುವ ತಾಲ್ಲೂಕು ಆಸ್ಪತ್ರೆಗಳಿಗೆ ಇದು ಯಾಕೆ ಬರಬಾರದು? ತರುವಾಗ ಕೋಣೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದಾ ಅಂತ ನೋಡಲೇಬೇಕು. ತಾಯಿ ಬಿಟ್ಟ ಉಸಿರಿನ ಗ್ಯಾಸನ್ನು ದಿನವಿಡೀ ಕುಡಿಯುವವರು ಅಲ್ಲಿನ ಸಿಬ್ಬಂದಿ. ಇದೇ ಕಾರಣಕ್ಕೆ ಇತ್ತೀಚಿನ ವರ್ಷಗಳಲ್ಲಿ ಇಂಗ್ಲೆಂಡಿನ ಕೆಲವು ಆಸ್ಪತ್ರೆಗಳೇ ಗ್ಯಾಸ್ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿದ್ದವು.